ಓಬಳೇಶನನ್ನು ತಿರುಗಿ ತಂಡಕ್ಕೆ ತಗೊಂಡದ್ದು

ಎರಡು ಸಾವಿರನೇ ಇಸವಿ, ಮೆಕ್ಕೆಜೋಳದ ಸುಗ್ಗಿ ಆಗತಾನೇ ಶುರುವಾಗಿತ್ತು. ಕೊಟ್ಟೂರಿನ ಮಾರುಕಟ್ಟೆಯಲ್ಲಿ ಬೆಳಗಿನ ಮೊದಲ ಲಾರಿ ಇಳಿಸಿ ನಾವು ಚಹಾ ಕುಡಿಯುತ್ತಾ ಕೂತಿದ್ದಾಗ ಓಬಳೇಶ ಬಂದು ಎದುರಿಗೆ ನಿಂತ. ನಾಲ್ಕು ವರ್ಷದಿಂದ ಅವನು ಆ ಅಂಗಳಕ್ಕೆ ಕಾಲಿಟ್ಟಿರಲಿಲ್ಲ. ಅಲ್ಲಿ ಇಪ್ಪತ್ತೆರಡು ಹಮಾಲರಿಗೆ ನಾನು ಮೇಸ್ತ್ರಿ. ನಮ್ಮದೇ ಒಂದು ಕಬಡ್ಡಿ ತಂಡವಿತ್ತು, ಅದರ ಉಸಾಬರಿಯೂ ನನ್ನದೇ.

"ಅಣ್ಣಾ, ತಿರುಗಿ ಆಡಬೇಕಂತ ಬಂದೀನಿ," ಅಂದ.

"ಯಾವ ಟೀಮಿನಾಗ?"

"ನಮ್ಮ ಟೀಮಿನಾಗ."

"ನಮ್ಮ ಅನಬ್ಯಾಡಲೇ. ನಿನಗ ಊರಿಗೊಂದು ಟೀಮು ಅದಾವು. ಹೋಗು, ಬಸ್ಸು ಬಂದೈತಿ."

ಅವನು ಹೋಗಲಿಲ್ಲ. ಅಲ್ಲೇ ಗೋದಾಮಿನ ಕಟ್ಟೆಯ ಮೇಲೆ ಕೂತ. ಮಧ್ಯಾಹ್ನದವರೆಗೂ ಕೂತೇ ಇದ್ದ. ನಾನು ಅವನ ಮುಂದೆ ಚೀಲ ಹೊತ್ತುಕೊಂಡು ಇಪ್ಪತ್ತು ಸಲ ಹೋದೆ, ಇಪ್ಪತ್ತು ಸಲವೂ ಮುಖ ತಿರುಗಿಸಿಕೊಂಡೇ ಹೋದೆ.

ಇವನು ಯಾರು ಅಂತ ಹೇಳುತ್ತೇನೆ. ಹುಟ್ಟಿದ್ದು ಕಾನಹೊಸಹಳ್ಳಿ ಕಡೆಯ ಒಂದು ಹಟ್ಟಿಯಲ್ಲಿ. ಅಪ್ಪ ಬಾವಿ ತೋಡುವ ಕೂಲಿ, ಮಣ್ಣು ಕುಸಿದು ಬೇಗ ಹೋದ. ತಾಯಿ ಈರಕ್ಕ ಮಗನನ್ನು ಕಟ್ಟಿಕೊಂಡು ಕೊಟ್ಟೂರಿಗೆ ಬಂದು ದಲಾಲಿ ಅಂಗಡಿಗಳ ಮುಂದೆ ಕಾಳು ಹಸನು ಮಾಡುವ ಕೆಲಸಕ್ಕೆ ಕೂತಳು. ಇವನು ಬೆಳೆದದ್ದು ಚೀಲಗಳ ಸಂದಿಯಲ್ಲಿ. ಮೂರನೇ ಕ್ಲಾಸಿಗೆ ಸಾಲಿ ಬಿಟ್ಟ. ನಾನು ನಾಲ್ಕನೆಯದಕ್ಕೆ ಬಿಟ್ಟವನು, ಆ ಬಗ್ಗೆ ನಾನು ಅವನಿಗೆ ಏನೂ ಅನ್ನುವ ಹಾಗಿಲ್ಲ. ಹದಿನೇಳಕ್ಕೆ ನಮ್ಮ ಜೊತೆ ಚೀಲ ಹೊರಲು ಬಂದ. ಆಳು ತೆಳ್ಳಗೆ, ಆದರೆ ಬೆನ್ನು ಕಬ್ಬಿಣ.

ಕಬಡ್ಡಿಯಲ್ಲಿ ಅವನಂಥವನನ್ನು ನಾನು ಇನ್ನೊಬ್ಬನನ್ನು ನೋಡಿಲ್ಲ. ಎದುರಾಳಿಗಳ ಅಂಕಣಕ್ಕೆ ಹೋದರೆ ಓಡುತ್ತಿರಲಿಲ್ಲ, ಸಂತೆಗೆ ಬಂದವನ ಹಾಗೆ ನಡೆಯುತ್ತಿದ್ದ. ಅವರು ಇವನ ಕಾಲು ನೋಡುತ್ತಿದ್ದರೆ ಕೈ ಮುಟ್ಟಿಸಿರುತ್ತಿದ್ದ, ಕೈ ನೋಡುತ್ತಿದ್ದರೆ ಕಾಲು. ಒಮ್ಮೆ ಹಡಗಲಿಯಲ್ಲಿ ಐದು ಮಂದಿ ಅವನ ಮೇಲೆ ಬಿದ್ದು ಅಮುಕಿದ್ದರು. ಕಬಡ್ಡಿ ಕಬಡ್ಡಿ ಅನ್ನುವ ದನಿ ಮಾತ್ರ ಅವರ ಅಡಿಯಿಂದ ಬರುತ್ತಲೇ ಇತ್ತು, ನೋಡಿದರೆ ಎರಡು ಬೆರಳು ನಡುಗೆರೆಯ ಈಚೆಗೆ ಬಂದಿದ್ದವು. ಐದೂ ಮಂದಿ ಔಟ್.

ಕೆಟ್ಟದ್ದು ಅಂದರೆ ಬಾಯಿ ಮತ್ತು ಕೈ. ಅಂಪೈರು ಏನಾದರೂ ಅಂದರೆ ಒಂದಕ್ಕೆ ಎರಡು ಮಾತು. ಪ್ರಾಕ್ಟೀಸಿಗೆ ಆರಕ್ಕೆ ಬಾ ಅಂದರೆ ಏಳಕ್ಕೆ ಬರುವವ. ಇಂಥವನಿಗೂ ನನಗೂ ದಿನಾ ಹತ್ತಿಕೊಳ್ಳುತ್ತಿತ್ತು.

ಇನ್ನು ತೊಂಬತ್ತಾರರ ಸಂಗತಿ. ಹರಪನಹಳ್ಳಿಯಲ್ಲಿ ಮೆಕ್ಕೆಜೋಳದ ವರ್ತಕರು ಪಂದ್ಯ ಇಟ್ಟಿದ್ದರು, ಐವತ್ತೈದು ಕೆ.ಜಿ. ಒಳಗಿನವರಿಗೆ ಮಾತ್ರ. ಯಾರ ತೂಕ ಹೆಚ್ಚಾದರೂ ಅವನು ಹೊರಗೆ. ನಮಗೆ ಹಮಾಲರಿಗೆ ಒಂದು ಸೊಕ್ಕು ಇರುತ್ತದೆ. ಚೀಲ ಹೆಗಲಿಗೆ ಬಿದ್ದ ಕೂಡಲೇ ಅರ್ಧ ಕೆ.ಜಿ. ಹೆಚ್ಚುಕಡಿಮೆಯಿಲ್ಲದೆ ತೂಕ ಹೇಳುತ್ತೇವೆ. ಅದರಲ್ಲಿ ನನ್ನದು ಎತ್ತಿದ ಹೆಗಲು, ಕೆಲವು ರೈತರು ತೂಗುವ ಕಾಟಾಕ್ಕಿಂತ ಮೊದಲು ನನ್ನನ್ನು ಕೇಳುತ್ತಿದ್ದರು. ಹಾಗಾಗಿ ನಮ್ಮ ಹುಡುಗರನ್ನು ನಾನು ಕಾಟಾದ ಮೇಲೆ ನಿಲ್ಲಿಸಲೇ ಇಲ್ಲ. ಒಬ್ಬೊಬ್ಬರನ್ನೂ ಹೆಗಲಿಗೆ ಹಾಕಿಕೊಂಡು ಹೇಳಿದೆ. ಓಬಳೇಶನಿಗೆ ಐವತ್ನಾಲ್ಕು ಅಂದೆ.

"ಅಣ್ಣಾ, ಒಂದ್ಸಲ ಕಾಟಾದ ಮ್ಯಾಲೆ ನಿಂತು ನೋಡ್ತೀನಿ," ಅಂದಿದ್ದ ಅವನು.

"ನನ್ನ ಹೆಗಲಿನ ಮ್ಯಾಲೆ ನಂಬಿಕಿ ಇಲ್ಲೇನ್ಲೇ?"

ಮಾರನೇ ಬೆಳಿಗ್ಗೆ ಹರಪನಹಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಇಳಿದು, ಆಡುವವನು ಖಾಲಿ ಹೊಟ್ಟೆಯಲ್ಲಿ ಇರಬಾರದು ಅಂತ ನಾನೇ ಅವನಿಗೆ ಎರಡು ಪ್ಲೇಟು ಒಗ್ಗರಣೆ ಮಂಡಕ್ಕಿ, ನಾಲ್ಕು ಮಿರ್ಚಿ ತಿನ್ನಿಸಿದೆ.

ಅಲ್ಲಿ ತೂಗಲು ಕೂತಿದ್ದವರು ಹನುಮಣ್ಣ, ಅಲ್ಲಿನ ಒಂದು ದಲಾಲಿ ಅಂಗಡಿಯ ತೂಕದವರು, ದಪ್ಪ ಕನ್ನಡಕದ ಹಿರಿಯ ಮನುಷ್ಯ. ಓಬಳೇಶ ನಿಂತ. ಐವತ್ತಾರೂಕಾಲು. ಹನುಮಣ್ಣ ಇಳಿಸಿ ಇನ್ನೊಮ್ಮೆ ನಿಲ್ಲಿಸಿದರು. ಅಷ್ಟೇ ಬಂತು.

"ಕಾಟಾ ಸುಳ್ಳು ಹೇಳ್ತೈತಿ," ಅಂದ ಓಬಳೇಶ.

"ದಿನಾ ಇದರ ಮ್ಯಾಲೆ ಸಾವಿರ ಚೀಲ ತೂಗ್ತೀನಿ ತಮ್ಮಾ. ಒಂದು ಚೀಲನೂ ಹಿಂಗ ಜಗಳಾಡಿಲ್ಲ," ಅಂದರು ಹನುಮಣ್ಣ.

ಸುತ್ತ ನಿಂತ ಮಂದಿ ನಕ್ಕರು. ಓಬಳೇಶ ಹೊಡೆದ. ಕನ್ನಡಕ ಒಡೆದು ಹುಬ್ಬಿನ ಮೇಲೆ ರಕ್ತ ಬಂತು, ಎರಡು ಹೊಲಿಗೆ ಹಾಕಿಸಬೇಕಾಯಿತು. ನಮ್ಮ ತಂಡವನ್ನು ಅಲ್ಲಿಂದಲೇ ವಾಪಸ್ಸು ಕಳಿಸಿದರು, ಎರಡು ವರ್ಷ ಬರಬೇಡಿ ಅಂದರು. ತಿರುಗಿ ಬರುವ ಬಸ್ಸಿನಲ್ಲೇ ನಾನು ಎದ್ದು ನಿಂತು ಹೇಳಿದೆ: ಇವನಿಗೆ ಇವತ್ತಿನಿಂದ ನಮ್ಮ ಟೀಮಿನಲ್ಲೂ ಜಾಗವಿಲ್ಲ, ನಮ್ಮ ಗುಂಪಿನಲ್ಲೂ ಜಾಗವಿಲ್ಲ. ಓಬಳೇಶ ಕಿಟಕಿಯ ಕಡೆ ನೋಡುತ್ತಾ ಕೂತ. ಐವತ್ನಾಲ್ಕು ಅಂದವರು ಯಾರು ಅಂತ ಆ ಬಸ್ಸಿನಲ್ಲಿ ಯಾರೂ ಕೇಳಲಿಲ್ಲ. ನಾನು ಮೇಸ್ತ್ರಿ.

ಅವನು ದಾವಣಗೆರೆಗೆ ಹೋಗಿ ಒಂದು ಅಕ್ಕಿ ಮಿಲ್ಲಿಗೆ ಸೇರಿದ, ಆ ಮಿಲ್ಲಿನ ತಂಡಕ್ಕೆ ಆಡಿದ. ತೊಂಬತ್ತೆಂಟರಲ್ಲಿ ಹಿರೇಹಡಗಲಿಯಲ್ಲಿ ನಮ್ಮನ್ನು ಒಬ್ಬನೇ ಮುಗಿಸಿ, ನನ್ನ ಕಡೆ ತಿರುಗಿ ತೊಡೆ ತಟ್ಟಿದ. ಆ ಸದ್ದು ನನ್ನ ಕಿವಿಯಿಂದ ಹೋಗಿರಲಿಲ್ಲ. ಆಮೇಲೆ ಮಿಲ್ಲಿನವರ ಜೊತೆಯೂ ಜಗಳ ತೆಗೆದು ಬಿಟ್ಟುಬಂದ ಅಂತ ಕೇಳಿದ್ದೆ. ಈಗ ಅವನಿಗೆ ಮೂವತ್ತು. ಕಬಡ್ಡಿಯಲ್ಲಿ ಮೂವತ್ತು ಅಂದರೆ ಇನ್ನೆರಡು ಮೂರು ಸುಗ್ಗಿ, ಅಷ್ಟೇ. ಈ ಸಲ ಯಾರೂ ಸೇರಿಸಿಕೊಳ್ಳದಿದ್ದರೆ ಅವನ ಆಟ ಮುಗಿದ ಹಾಗೆ.

ಮಧ್ಯಾಹ್ನ ಊಟಕ್ಕೆ ಮೊದಲು ಎಲ್ಲರನ್ನೂ ಸೇರಿಸಿದೆ. ಹೊಸಬನನ್ನು ತಗೊಳ್ಳುವುದಾದರೆ ನಮ್ಮಲ್ಲಿ ಎಲ್ಲರೂ ಹೂಂ ಅನ್ನಬೇಕು. ಒಬ್ಬ ಬೇಡ ಅಂದರೂ ಆಗುವುದಿಲ್ಲ. ಚೀಲ ಎತ್ತುವಾಗ ಇನ್ನೊಂದು ತುದಿ ಹಿಡಿಯುವವನ ಮೇಲೆ ನಂಬಿಕೆ ಬೇಕಲ್ಲ, ಅದಕ್ಕೆ ಹಿಂದಿನವರು ಮಾಡಿದ ಕಟ್ಟು ಅದು. ಕಬಡ್ಡಿ ತಂಡಕ್ಕೂ ಅದೇ ನಡೆದು ಬಂದಿತ್ತು.

ಮೊದಲು ಮಾತಾಡಿದವನು ಮೌನೇಶ. ಮಾರುಕಟ್ಟೆಯಲ್ಲಿ ಗಾಡಿ ರಿಪೇರಿ ಮಾಡುವ ಬಡಿಗ, ಹಮಾಲನಲ್ಲದಿದ್ದರೂ ನಮ್ಮ ಕ್ಯಾಪ್ಟನ್.

"ಅವನು ಒಳ್ಳೇವನೋ ಕೆಟ್ಟವನೋ ನನಗ ಬ್ಯಾಡಣ್ಣ. ಅವನು ಹೋದ ಮ್ಯಾಲೆ ನಾವು ಸೆಮಿಫೈನಲ್ ಮಾರಿ ನೋಡಿಲ್ಲ. ಮೂರು ವಾರಕ್ಕ ಹರಪನಹಳ್ಳಿ ಪಂದ್ಯ ಐತಿ, ಈ ಸಲ ತೂಕದ್ದು ಏನೂ ಇಲ್ಲ. ತಗೋಳೋಣ."

"ಅವನು ಬಂದ್ರ ದಿನಾ ಜಗಳ ಬರ್ತಾವು," ಅಂದ ಹಿಂದೆ ಕೂತ ಒಬ್ಬ.

"ಈಗೇನು ಜಗಳಕ್ಕ ಬರ ಬಂದೈತೇನು? ಮೇಸ್ತ್ರಿ ಅದಾರಲ್ಲ," ಅಂದ ಮೌನೇಶ.

ಎಲ್ಲರೂ ನಕ್ಕರು. ನಾನು ನಗಲಿಲ್ಲ. ಕೇಳುತ್ತಾ ಹೋದೆ, ಒಬ್ಬೊಬ್ಬರೇ ಹೂಂ ಅಂದರು. ಕೊನೆಗೆ ಉಳಿದವನು ನಾನೊಬ್ಬ.

"ಬ್ಯಾಡ," ಅಂದೆ. "ಹಿರೇ ಮನುಷ್ಯನ ಮ್ಯಾಲೆ ಕೈ ಮಾಡಿದವ. ನಮ್ಮ ಮ್ಯಾಲೆ ತೊಡಿ ತಟ್ಟಿದವ. ಬ್ಯಾಡಂದ್ರ ಬ್ಯಾಡ." ಅಷ್ಟು ಹೇಳಿ ಎದ್ದು ಮನೆಗೆ ಹೋದೆ.

ಮನೆಯಲ್ಲಿ ನನ್ನ ಹೆಂಡತಿ ನಾಗಲಿಂಗಮ್ಮ ರೊಟ್ಟಿ ಬಡಿಯುತ್ತಿದ್ದಳು. ಸುದ್ದಿ ನನಗಿಂತ ಮೊದಲೇ ಅವಳನ್ನು ಮುಟ್ಟಿತ್ತು. ಓಬಳೇಶನ ತಾಯಿ ಈರಕ್ಕ ಬಂದು ಹೋಗಿದ್ದಳಂತೆ.

"ಬ್ಯಾಡ ಅಂದ್ರಂತ," ಅಂದಳು.

"ಅಂದೆ. ಏನೀಗ?"

"ಏನಿಲ್ಲ. ಎಣಗಾಯಿ ಪಲ್ಯ ಹಾಕ್ಲೇನು?" ಅಂತ ಬಡಿಸಿದಳು. ನಾನು ಒಂದು ತುತ್ತು ಬಾಯಿಗಿಟ್ಟ ಮೇಲೆ, "ಆ ಹುಡುಗ ಐವತ್ನಾಕು ಕೆ.ಜಿ. ಅದಾನ ಅಂತ ಅವತ್ತು ರಾತ್ರಿ ಇಲ್ಲೇ ಕುಂತು ನನ್ನ ಮುಂದ ಹೇಳಿದ್ರಲ್ರಿ. ನನ್ನ ಹೆಗಲು ಕಾಟಾ ಇದ್ದಂಗ ಅಂತಿದ್ರಿ," ಅಂದಳು.

"ಅದಕ್ಕೂ ಹೊಡಿಯಾದಕ್ಕೂ ಏನು ಸಂಬಂಧ?"

"ಹೊಡದಿದ್ದು ಅವಂದ. ನಾನು ಅದನ್ನ ಕೇಳಿಲ್ಲ. ಅವನನ್ನ ಆ ಕಾಟಾದ ಮ್ಯಾಲೆ ಹತ್ತಿಸಿ ಮಂದಿ ಕೈಲಿ ನಗಿಸಿದ್ದು ಯಾರು? ಮ್ಯಾಲೆ ನಾಕು ಮಿರ್ಚಿ ಬ್ಯಾರೆ."

ನಾನು ತಾಟು ದೂಡಿ ಎದ್ದೆ. ಕೂಗಾಡಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. ಕೂಗಿ ಕೂಗಿ ಹೇಳಲು ಏನೂ ಉಳಿಯದೆ ಹೊರಗೆ ಬಂದು ಕಟ್ಟೆಯ ಮೇಲೆ ಕೂತೆ. ಆಗ ಹೊಳೆಯಿತು, ನನ್ನ ಹೆಗಲು ಯಾಕೆ ತಪ್ಪಿತು ಅಂತ. ಚೀಲ ಸತ್ತ ಭಾರ, ಎಲ್ಲವನ್ನೂ ಹೆಗಲಿಗೆ ಬಿಟ್ಟುಬಿಡುತ್ತದೆ. ಜೀವ ಇರುವ ಮನುಷ್ಯ ಹಾಗಲ್ಲ, ಹೊತ್ತವನಿಗೆ ತ್ರಾಸಾಗದಿರಲಿ ಅಂತ ತನ್ನ ಮೈಯನ್ನು ತಾನೇ ಬಿಗಿ ಹಿಡಿದುಕೊಂಡಿರುತ್ತಾನೆ. ನಾಲ್ಕು ವರ್ಷ ಆ ಮಾತನ್ನು ನಾನು ಯೋಚನೆ ಮಾಡಲು ಹೋಗಿರಲೇ ಇಲ್ಲ. ಅವನಾದರೂ ಎಲ್ಲಿಯೂ ನನ್ನ ಹೆಸರು ಹೇಳಿರಲಿಲ್ಲ.

ಮಾರುಕಟ್ಟೆಗೆ ತಿರುಗಿ ಹೋದೆ. ಓಬಳೇಶ ಕೂತ ಜಾಗದಲ್ಲೇ ಇದ್ದ.

"ಏಳು," ಅಂದೆ. "ಹರಪನಹಳ್ಳಿಗೆ ಹೋಗೋಣ."

"ಯಾಕಣ್ಣ?"

"ಪಂದ್ಯಕ್ಕ ಹೆಸರು ಬರ್ಕೊಳ್ಳೋರು ಅದೇ ಹನುಮಣ್ಣ. ಅವರು ಹೂಂ ಅಂದ್ರ ಆತು. ಅವರು ಒಲ್ಲೆ ಅಂದ್ರ ನಾನು ಹೂಂ ಅಂದೂ ಉಪಯೋಗಿಲ್ಲ."

ಬಸ್ಸಿನಲ್ಲಿ ಒಂದು ತಾಸಿನ ದಾರಿ. ಹನುಮಣ್ಣ ಅಂಗಡಿಯ ಮುಂದೆಯೇ ಸಿಕ್ಕರು. ಹೊಸ ಕನ್ನಡಕ, ಹುಬ್ಬಿನ ಮೇಲೆ ಸಣ್ಣ ಗೆರೆ. ಓಬಳೇಶನನ್ನು ನೋಡಿ ಕಾಟಾದ ಹಿಂದಕ್ಕೆ ಸರಿದರು. ನಾನು ಮುಂದೆ ಹೋದೆ. ಬಸ್ಸಿನಲ್ಲಿ ಜೋಡಿಸಿಕೊಂಡು ಬಂದ ಮಾತು ಬಿಟ್ಟು ಇದ್ದದ್ದನ್ನೇ ಹೇಳಿದೆ.

"ಹನುಮಣ್ಣ, ಇವನು ಐವತ್ನಾಕು ಅಂತ ಹೇಳಿದವ ನಾನು. ಕಾಟಾದ ಮ್ಯಾಲೆ ನಿಂತು ನೋಡ್ತೀನಿ ಅಂದಿದ್ದ, ನಾನು ಬಿಡಲಿಲ್ಲ. ತಪ್ಪು ನಂದು."

ಹನುಮಣ್ಣ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಇಷ್ಟು ಹೇಳಾಕ ನಾಕು ವರ್ಷ ಬೇಕಾತೇನು ಕೊಟ್ರಬಸಪ್ಪ?" ಅಂದರು. ಆಮೇಲೆ ಓಬಳೇಶನ ಕಡೆ ತಿರುಗಿ, "ಹಂಗಾದ್ರ ನಿಂದು ಏನೂ ತಪ್ಪಿಲ್ಲೇನು," ಅಂತ ಕೇಳಿದರು.

"ಐತ್ರಿ," ಅಂದ ಓಬಳೇಶ. "ತೂಕದ್ದು ಅಣ್ಣಂದು. ಹೊಡದದ್ದು ನಂದ. ಮಂದಿ ನಕ್ಕಾಗ ನನಗ ಕಣ್ಣು ಕಾಣಲಿಲ್ರಿ. ನಿಮ್ಮ ಕನ್ನಡಕ ಒಡದಿದ್ದು ನನಗ ದಿನಾ ನೆನಪಾಗ್ತೈತಿ. ಬಂದು ಹೇಳಾಕ ಮಾರಿ ಇರಲಿಲ್ಲ."

ಹನುಮಣ್ಣ ಅಂಗಳದಲ್ಲಿ ನಿಂತ ಲಾರಿ ತೋರಿಸಿದರು. "ನಮ್ಮ ಹಮಾಲರು ಚಹಾ ಕುಡಿಯಾಕ ಹೋಗ್ಯಾರ. ಡ್ರೈವರ್ ಅವಸರ ಮಾಡ್ತಾನ. ಅರವತ್ತು ಚೀಲ ಅದಾವು. ಇಬ್ರೂ ಕೂಡಿ ತುಂಬ್ರಿ, ಆಮ್ಯಾಲೆ ಮಾತಾಡೋಣ."

ಅಂಗಿ ಕಳಚಿಟ್ಟೆವು. ಒಬ್ಬೊಬ್ಬರು ಒಂದು ತುದಿ ಹಿಡಿದು, ಅತ್ತಿತ್ತ ತೂಗಿ, ಲಾರಿಯ ಮೇಲಕ್ಕೆ. ಮೊದಲ ಹತ್ತು ಚೀಲ ಹೊಂದಲಿಲ್ಲ. ನಾನು ಎತ್ತುವಾಗ ಅವನು ತಡ, ಅವನು ಬಿಡುವಾಗ ನಾನು ತಡ. "ನೋಡ್ಕೊಂಡು ಎತ್ತಲೇ," ಅಂದೆ. "ನೀವ ನಿಧಾನ ಆಗೀರಿ," ಅಂದ. ಇಪ್ಪತ್ತನೆಯದರ ಹೊತ್ತಿಗೆ ಒಂದು ಎರಡು ಅಂತ ಎಣಿಸಿ ಎತ್ತುವುದು ಬೇಕಾಗಲಿಲ್ಲ. ನಲವತ್ತರ ಮೇಲೆ ನನಗೆ ಉಸಿರು ಹತ್ತಿತು. ಅವನು ಕೇಳದೆಯೇ ಚೀಲದ ದಪ್ಪನೆಯ ತುದಿಗೆ ಬಂದು ನಿಂತ, ತೆಳ್ಳನೆಯದನ್ನು ನನಗೆ ಬಿಟ್ಟ. ಬೈಯಬೇಕು ಅನ್ನಿಸಿತು. ಬೈಯಲು ಉಸಿರು ಇರಲಿಲ್ಲ.

ಕೊನೆಯ ಚೀಲ ಏರಿದ ಮೇಲೆ ಹನುಮಣ್ಣ ಎರಡು ಚೊಂಬು ನೀರು ತಂದಿಟ್ಟರು. ಪುಸ್ತಕ ತೆರೆದರು. "ಹೆಸರು ಹೇಳ್ರಿ," ಅಂದರು. ನಾನು ಮೌನೇಶನಿಂದ ಶುರು ಮಾಡಿ ಒಂಬತ್ತು ಹೆಸರು ಹೇಳಿದೆ. ಹತ್ತನೆಯದಕ್ಕೆ ಅವರೇ, "ಓಬಳೇಶ, ಅಲ್ಲೇನು?" ಅಂತ ಕೇಳಿ ಬರೆದುಕೊಂಡರು. "ಈ ಸಲ ಯಾರಾದ್ರೂ ನಕ್ರ ಮೊದಲು ನನ್ನ ಕಡೆ ನೋಡು ತಮ್ಮಾ," ಅಂದರು ಅವನಿಗೆ. ಅವನು ತಲೆಯಾಡಿಸಿದ.

ತಿರುಗಿ ಬರುವಾಗ ಬಸ್ಸಿನಲ್ಲಿ ಅವನೇ ಬಾಯಿ ತೆಗೆದ.

"ಅಣ್ಣಾ, ನನಗ ಬೈಬ್ಯಾಡ್ರಿ ಅಂತ ನಾನು ಹೇಳಂಗಿಲ್ಲ. ಮಂದಿ ಮುಂದ ಬೈಬ್ಯಾಡ್ರಿ."

"ನೋಡ್ತೀನಿ," ಅಂದೆ. "ಪ್ರಾಕ್ಟೀಸು ಆರಕ್ಕ. ಆರೂ ಐದಕ್ಕ ಬಂದ್ರ ಹೊರಗ."

ಮಾರನೇ ಬೆಳಿಗ್ಗೆ ಐದೂಮುಕ್ಕಾಲಿಗೆ ನಾನು ಮೈದಾನಕ್ಕೆ ಹೋದರೆ ಅವನು ಆಗಲೇ ಬಂದು ಅಂಕಣಕ್ಕೆ ನೀರು ಹೊಡೆದು, ಡಬ್ಬಿಯಲ್ಲಿ ಸುಣ್ಣದ ಪುಡಿ ಹಿಡಿದುಕೊಂಡು ಗೆರೆ ಎಳೆಯುತ್ತಿದ್ದ. ಗೆರೆ ಹಾವಿನ ಹಾಗೆ ಹೋಗಿತ್ತು.

"ಇದೇನು ಗೆರೀನೋ, ಎತ್ತು ಉಚ್ಚಿ ಹೊಯ್ದದ್ದೋ?" ಅಂದೆ. ಮೈದಾನದಲ್ಲಿ ನಾವಿಬ್ಬರೇ ಇದ್ದೆವು.

"ನೀವ ಎಳೀರಿ ಹಂಗಾದ್ರ," ಅಂತ ಡಬ್ಬಿಯನ್ನು ನನ್ನ ಕೈಗೆ ಕೊಟ್ಟ.

ನಾನು ಅವನ ಗೆರೆ ಅಳಿಸಿ, ಬಗ್ಗಿ ಈ ತುದಿಯಿಂದ ಆ ತುದಿಯವರೆಗೆ ಎಳೆದೆ. ಅಷ್ಟರಲ್ಲಿ ಮೌನೇಶ ಬಂದ, ಉಳಿದವರೂ ಒಬ್ಬೊಬ್ಬರಾಗಿ ಬಂದರು. ಬಡಿಗನ ಕಣ್ಣು ಅವನದು, ಒಂದು ಕಣ್ಣು ಮುಚ್ಚಿ ನನ್ನ ಗೆರೆಯನ್ನು ಉದ್ದಕ್ಕೂ ನೋಡಿ, "ಇದನ್ನ ಯಾರು ಎಳದಾರ? ಒಂದು ಗೇಣು ಸೊಟ್ಟ ಐತಿ," ಅಂದ.

ಓಬಳೇಶ ನನ್ನ ಮುಖ ನೋಡಿದ. "ನಾನು," ಅಂದ. "ಅಳಿಸಿ ಮತ್ತ ಎಳೀತೀನಿ, ತಡಿ."

"ಸುಳ್ಳು ಹೇಳಬ್ಯಾಡಲೇ," ಅಂದೆ. "ನಾನು ಎಳದದ್ದು ಅದು." ಆಮೇಲೆ ಮೌನೇಶನ ಕೈಗೆ ಡಬ್ಬಿ ಕೊಟ್ಟು ಎಲ್ಲರನ್ನೂ ಅಂಕಣಕ್ಕೆ ಇಳಿಯಲು ಹೇಳಿದೆ. ಬೆಳಕು ಹರಿದಿತ್ತು, ಮೂರು ವಾರವಷ್ಟೇ ಉಳಿದಿತ್ತು, ಮಾಡುವ ಕೆಲಸ ಬಹಳವಿತ್ತು.