ಮಗ್ಗದ ಸದ್ದಿನಲ್ಲಿ ನೋಡಿದ ಜಾವೆಲಿನ್

ದೊಡ್ಡಬಳ್ಳಾಪುರದ ನೇಕಾರರ ಬೀದಿಗೆ ಸೊಸೆಯಾಗಿ ಬಂದವಳು ಮೊದಲು ಕಲಿಯಬೇಕಾದದ್ದು ಅಡುಗೆಯನ್ನಲ್ಲ, ತುಟಿ ನೋಡಿ ಮಾತು ತಿಳಿಯುವುದನ್ನು. ನಡುಮನೆಯ ಗೋಡೆಗೆ ಅಂಟಿಕೊಂಡೇ ನಮ್ಮ ಮಗ್ಗದ ಮನೆ. ಅಲ್ಲಿ ಪವರ್‌ಲೂಮುಗಳು ಓಡುತ್ತಿರುವಾಗ ಗಂಟಲು ಹರಿದುಕೊಂಡರೂ ಪ್ರಯೋಜನವಿಲ್ಲ. ಅದಕ್ಕೇ ನಾವು ಯಾರೂ ಕೂಗುವುದಿಲ್ಲ. ಬಾಗಿಲಲ್ಲಿ ನಿಂತು ದನಿಯಿಲ್ಲದೆ ತುಟಿ ಆಡಿಸುತ್ತೇವೆ. ಊಟಕ್ಕೆ ಬನ್ನಿ, ನೆಂಟರು ಬಂದರು, ಗ್ಯಾಸು ಖಾಲಿ, ಎಲ್ಲವೂ ಹೀಗೇ. ಮದುವೆಯಾದ ಹೊಸದರಲ್ಲಿ ನನ್ನ ಗಂಡ ಮಗ್ಗದ ಮುಂದೆ ನಿಂತು ಏನೋ ಪ್ರೀತಿಯ ಮಾತಾಡಿದರು ಎಂದುಕೊಂಡು ನಾನು ನಾಚಿ ಓಡಿಹೋಗಿದ್ದೆ. ಅವರು ಕೇಳಿದ್ದು ಕತ್ತರಿಯನ್ನು.

ಆ ಮಧ್ಯಾಹ್ನ ಟಿವಿಯಲ್ಲಿ ವಿಶ್ವ ಅಥ್ಲೆಟಿಕ್ಸಿನ ಗಂಡಸರ ಜಾವೆಲಿನ್ ಫೈನಲ್ ಇತ್ತು. ಪೂರ್ವದ ಯಾವುದೋ ದೇಶ. ನಮ್ಮ ಅಂಗಳದಲ್ಲಿ ಇನ್ನೂ ಬಿಸಿಲು ಬಿದ್ದುಕೊಂಡಿದ್ದರೆ ಅಲ್ಲಿ ಆಗಲೇ ದೀಪ ಹತ್ತಿಸಿದ್ದರು. ನನ್ನ ಮಗಳು ಟಿವಿಗೆ ಮೂಗು ತಾಗುವಷ್ಟು ಹತ್ತಿರ ಕೂತಿದ್ದಳು. ಅವಳ ಹಿಂದೆ ಅತ್ತೆ, ಅತ್ತೆಯ ಪಕ್ಕದಲ್ಲಿ ಹುರುಳಿಕಾಯಿ ನಾರು ತೆಗೆಯುತ್ತಾ ನಾನು. ಗೋಡೆಯಾಚೆ ಮಗ್ಗಗಳು ಒಂದೇ ಸಮನೆ ಬಡಿದುಕೊಳ್ಳುತ್ತಿದ್ದವು. ಟಿವಿಯಲ್ಲಿ ಯಾರು ಏನು ವಿವರಿಸುತ್ತಿದ್ದರೋ ದೇವರಿಗೇ ಗೊತ್ತು.

ದನಿಯಿಲ್ಲದೆ ಜಾವೆಲಿನ್ ನೋಡುವುದು ಬೇರೆಯೇ ಒಂದು ಸುಖ. ಒಬ್ಬ ಹುಡುಗ ಓಡಿಬರುತ್ತಾನೆ, ಮೈಯನ್ನೆಲ್ಲಾ ಹಿಂದಕ್ಕೆ ಬಾಗಿಸುತ್ತಾನೆ, ಬಿಟ್ಟುಬಿಡುತ್ತಾನೆ. ಆಮೇಲೆ ಅವನು ಯಾರಿಗೂ ಬೇಡ. ಎಲ್ಲರ ಕಣ್ಣೂ ಆ ಕೋಲಿನ ಮೇಲೆ. ಅದು ಮೇಲೆ ಹೋಗಿ, ಇನ್ನು ಬೀಳುವುದೇ ಇಲ್ಲವೇನೋ ಎಂಬಂತೆ ಸ್ವಲ್ಪ ಹೊತ್ತು ಅಲ್ಲೇ ತೇಲುತ್ತದೆ. ಕಿಟಕಿಯ ಬಿಸಿಲಿನಲ್ಲಿ ಮಗ್ಗದ ಮನೆಯ ನೂಲಿನ ಧೂಳೂ ಹಾಗೆಯೇ ತೇಲುತ್ತಿತ್ತು. ನೋಡುತ್ತಾ ನೋಡುತ್ತಾ ನನಗೆ ಕಣ್ಣು ತೆರೆದೇ ನಿದ್ದೆ ಬಂದಂತಾಗಿ, ಆ ಹಸಿರು ಬಯಲು ನಮ್ಮ ನಡುಮನೆಯಿಂದಲೇ ಶುರುವಾಗುತ್ತದೆ ಅನ್ನಿಸಿತು. ಕೈಯಲ್ಲಿದ್ದ ಹುರುಳಿಕಾಯನ್ನು ಸಿಪ್ಪೆಯ ಕಡೆಗೆ, ನಾರನ್ನು ಪಾತ್ರೆಗೆ ಹಾಕುತ್ತಿದ್ದೆ.

ಅತ್ತೆಗೆ ಮೀಟರಿನ ಲೆಕ್ಕ ಹಿಡಿಸದು. ಮಗಳ ಭುಜ ತಟ್ಟಿ, ಎಷ್ಟು ಎಂದು ತುಟಿಯಲ್ಲೇ ಕೇಳುತ್ತಿದ್ದರು. ಅವಳು ಎಂಬತ್ನಾಲ್ಕು ಎಂದಳು. ಅತ್ತೆ ಬೆರಳು ಮಡಿಚಿ, ಅವಳ ಕಿವಿಗೇ ಬಾಯಿಟ್ಟು, ಪಕ್ಕದಲ್ಲಿದ್ದ ನನಗೂ ಕೇಳುವಷ್ಟು ಜೋರಾಗಿ ಹೇಳಿದರು. "ಹದಿಮೂರು ಸೀರೆ, ಮೇಲೆ ಎರಡು ರವಿಕೆ ಕಣೇ! ಒಂದೇ ಏಟಿಗೆ ಎಸ್ದ್ಬಿಟ್ನಲ್ಲ!" ಆಮೇಲೆ ಬಂದವರನ್ನೆಲ್ಲ ಅವರು ಸೀರೆಯಲ್ಲೇ ಅಳೆದರು. ಕಡಿಮೆ ಎಸೆದವನನ್ನು ಕಂಡು, ಪಾಪ ನೂಲು ಸಾಲಲಿಲ್ಲ ಎಂದು ಮರುಗಿದರು.

ನಗುತ್ತಿದ್ದೆವು, ಆದರೆ ಮಗಳ ಜೀವ ಇದ್ದದ್ದು ಬೇರೆ ಕಡೆ. ಅವಳೂ ಜಾವೆಲಿನ್ ಎಸೆಯುತ್ತಾಳೆ. ರಾಜಘಟ್ಟದ ದಾರಿಯ ಬಯಲಿನಲ್ಲಿ ಬಿದಿರು ಕೋಲಿನಿಂದ ಕಲಿತವಳು. ಅವಳ ಕಾಲೇಜಿನ ಪಿ.ಟಿ. ಮೇಷ್ಟ್ರು ಬೆಂಗಳೂರಿನ ತರಬೇತಿ ಕ್ಯಾಂಪಿಗೆ ಅವಳ ಹೆಸರು ಹೇಳಿದ್ದರು. ಮಾರನೆಯ ಬೆಳಿಗ್ಗೆ ಹೊರಡಬೇಕು, ಒಪ್ಪಿಗೆಯನ್ನು ಅವತ್ತು ಸಂಜೆಯೊಳಗೆ ಮೇಷ್ಟ್ರಿಗೆ ಫೋನಿನಲ್ಲಿ ತಿಳಿಸಬೇಕು. ಇಲ್ಲದಿದ್ದರೆ ಆ ಜಾಗ ಇನ್ನೊಬ್ಬಳಿಗೆ. ಒಪ್ಪಬೇಕಾದವರು ಮಾತ್ರ ವಾರದಿಂದ ಬಾಯಿ ಬಿಟ್ಟಿರಲಿಲ್ಲ. ನನ್ನ ಗಂಡನೂ ಒಂದು ಕಾಲಕ್ಕೆ ಜಾವೆಲಿನ್ ಎಸೆಯುತ್ತಿದ್ದವರೇ. ಬಿಟ್ಟದ್ದೇಕೆ ಎಂದು ಕೇಳಿದರೆ ಮಾತು ಬದಲಾಯಿಸುತ್ತಿದ್ದರು. ಟಿವಿಯಲ್ಲಿ ಬಂದರೆ ಎದ್ದು ಹೋಗುತ್ತಿದ್ದರು. ಆ ದಿನವೂ ಮಗ್ಗದ ಹಿಂದೆ ಸೇರಿಕೊಂಡಿದ್ದರು.

ಬಿಸಿಲು ಅಂಗಳದಿಂದ ಗೋಡೆಗೆ ಹತ್ತಿತು. ಮಗಳು ಒಂದು ಕಣ್ಣಲ್ಲಿ ಟಿವಿಯನ್ನೂ ಇನ್ನೊಂದು ಕಣ್ಣಲ್ಲಿ ನನ್ನನ್ನೂ ನೋಡುತ್ತಿದ್ದಳು. ನನಗೆ ಕೋಪ ಬಂತು. ಗಂಡಸರ ಮೌನಕ್ಕೆ ಹೆಂಗಸರು ಎಷ್ಟು ಅಂತ ಕಾಯಬೇಕು? ಎದ್ದು ಹೋಗಿ ಮಗ್ಗದ ಮನೆಯ ಬಾಗಿಲಲ್ಲಿ ನಿಂತೆ. ಅವರು ತಲೆಯೆತ್ತಿದರು.

ಕಳಿಸೋಣವಾ ಎಂದು ತುಟಿ ಆಡಿಸಿದೆ.

ಅವರು ಸ್ವಲ್ಪ ಹೊತ್ತು ಓಡುವ ಲಾಳಿಯನ್ನೇ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ ಒಂದೇ ಮಾತು ಹೇಳಿದರು. ಬೇಡ.

ನಾನು ವಾಪಸು ಬಂದು ಕೂತೆ. ನನ್ನ ಮುಖ ನೋಡಿದ ಮೇಲೆ ಮಗಳಿಗೆ ಏನೂ ಹೇಳಬೇಕಾಗಿರಲಿಲ್ಲ. ಟಿವಿಯಲ್ಲಿ ನಮ್ಮ ದೇಶದ ಹುಡುಗ ಕೊನೆಯ ಸಲ ಓಡಿಬಂದ. ಕೋಲು ಏಕೋ ಬೇಗ ನೆಲ ಹಿಡಿಯಿತು. ಅವನು ಸೊಂಟದ ಮೇಲೆ ಕೈಯಿಟ್ಟುಕೊಂಡು ಅದು ಬಿದ್ದ ಜಾಗವನ್ನೇ ನೋಡುತ್ತಾ ನಿಂತ. ಮಗಳು ಮಂಡಿಯಲ್ಲಿ ಮುಖ ಮುಚ್ಚಿಕೊಂಡಳು. ಯಾರ ಸೋಲಿಗೆ ಅಳುತ್ತಿದ್ದಾಳೆ ಎಂದು ಅತ್ತೆಗೆ ತಿಳಿಯಲಿಲ್ಲ, ಅವಳ ಬೆನ್ನು ಸವರುತ್ತಾ ಕೂತರು.

ಅಷ್ಟರಲ್ಲಿ ಮಗ್ಗಗಳು ನಿಂತವು. ಆ ಹೊತ್ತಿನಲ್ಲಿ ಎಲ್ಲವೂ ನಿಲ್ಲುವುದೆಂದರೆ ಕರೆಂಟು ಹೋಗಿರಬೇಕು, ಆದರೆ ಟಿವಿ ಓಡುತ್ತಲೇ ಇತ್ತು. ನನ್ನ ಗಂಡ ತಲೆಯ ಮೇಲಿನ ನೂಲಿನ ಧೂಳು ಕೊಡವುತ್ತಾ ಹೊರಗೆ ಬಂದರು.

"ಏನೇ, ಇನ್ನೂ ಫೋನ್ ಮಾಡಿಲ್ವಾ? ಸಂಜೆ ಆಯ್ತಲ್ಲ!"

"ಯಾರಿಗೆ? ನೀವೇ ಬೇಡ ಅಂದ್ರಲ್ಲ."

"ಬೇಡ ಅಂದ್ನಾ? ಬೇಗ ಅಂದೆ ಕಣೇ. ಬೇಗ ಫೋನ್ ಮಾಡು ಅಂತ."

ಬೇಗ, ಬೇಡ. ನಾನೇ ಒಂದು ಸಲ ತುಟಿ ಆಡಿಸಿ ನೋಡಿಕೊಂಡೆ. ಎರಡಕ್ಕೂ ತುಟಿ ಒಂದೇ ರೀತಿ ತೆರೆಯುತ್ತದೆ. ಗ ಆಗಲಿ ಡ ಆಗಲಿ ಬಾಯೊಳಗೇ ಹುಟ್ಟಿ ಒಳಗೇ ಮುಗಿಯುತ್ತದೆ, ಹೊರಗಿನವರಿಗೆ ಕಾಣುವುದಿಲ್ಲ. ಮಗಳು ಕಣ್ಣೊರೆಸಿಕೊಂಡು ನಗಲು ಶುರುಮಾಡಿದಳು. ನಾನೂ ನಕ್ಕೆ. ಅವರು ಮಾತ್ರ ನಗಲಿಲ್ಲ. ಹೊಸ್ತಿಲ ಮೇಲೆ ಮೆಲ್ಲಗೆ ಕೂತರು.

"ಅಮ್ಮಾ," ಎಂದರು ಅತ್ತೆಯ ಕಡೆ ತಿರುಗಿ. "ಮೈಸೂರಲ್ಲಿ ಜಾವೆಲಿನ್ ಆಯ್ಕೆಗೆ ನನ್ನ ಕರೆದಿದ್ರಲ್ಲ, ಹೋಗ್ಲಾ ಅಂತ ಅಪ್ಪನ್ನ ಕೇಳಿದ್ದೆ. ಅವ್ರು ಮಗ್ಗ ನಡೆಸ್ತಿದ್ರು. ಬೇಡ ಅಂದ್ರು ಅನ್ಕೊಂಡೇ ನಾನು ಬಿಟ್ಬಿಟ್ಟೆ."

ಮಾವನವರು ತೀರಿಕೊಂಡು ಬಹಳ ವರ್ಷವಾಗಿದೆ. ಅವರು ನನಗೆ ಗೋಡೆಯ ಮೇಲಿನ ಫೋಟೊ ಅಷ್ಟೇ.

ಅತ್ತೆ ಆ ಫೋಟೊದ ಕಡೆ ನೋಡಿದರು. "ಏನಂದ್ರೋ ನಾನು ಕಾಣೆ ಕಣಪ್ಪ. ಮಾರನೇ ದಿನ ಬೆಳಿಗ್ಗೆ ಬುತ್ತಿ ಕಟ್ಟು ಅಂದ್ರು. ಚಿತ್ರಾನ್ನ ಕಲಸಿ ಇಟ್ಟೆ. ನೀನು ಮುಸುಕು ಹಾಕ್ಕೊಂಡು ಮಲಗೇ ಇದ್ದೆ. ಹುಡುಗನಿಗೇ ಮನಸ್ಸಿಲ್ವೇನೋ ಬಿಡು ಅಂದ್ಬಿಟ್ಟು, ನಿಮ್ಮಪ್ಪ ಮಗ್ಗಕ್ಕೆ ಹೋದ್ರು."

ಮನೆಯಲ್ಲಿ ಟಿವಿಯ ದನಿ ಸ್ಪಷ್ಟವಾಗಿ ಕೇಳುತ್ತಿತ್ತು. ಗೆದ್ದವರ ದೇಶದ ಹಾಡು ಹಾಕಿದ್ದರು. ನನಗೆ ನನ್ನ ಗಂಡನ ಮುಖ ನೋಡಲು ಆಗಲಿಲ್ಲ. ಅವರು ಎದ್ದು ಹೋಗಿ ಟಿವಿಯನ್ನು ಆರಿಸಿದರು. ಮಗಳ ಎದುರು ಕುಕ್ಕರುಗಾಲಲ್ಲಿ ಕೂತು, ಅವಳ ಎರಡೂ ಭುಜ ಹಿಡಿದುಕೊಂಡು, ಬೀದಿಗೇ ಕೇಳುವಷ್ಟು ಗಟ್ಟಿಯಾಗಿ ಹೇಳಿದರು.

"ಹೋಗು. ಹೋಗು ಅಂದೆ. ಕೇಳಿಸ್ತಾ?"

"ಕೇಳಿಸ್ತು ಅಪ್ಪ," ಎಂದಳು ಮಗಳು.