ಕೋಳಿ ನಿಲ್ಲಿಸಿದ ಬೀರವ್ವ

ಕುರಿ ಕಾಯುವ ಮನೆತನದಲ್ಲಿ ಹುಟ್ಟಿದವರಿಗೆ ಹೊಲವೆಂದರೆ ಮೊದಲು ನೆನಪಾಗುವುದು ಬೆಳೆಯಲ್ಲ, ಹಿಕ್ಕೆ. ನೇಸರಗಿ ಹತ್ತಿರದ ಬೀರವ್ವನೂ ಹಾಗೆಯೇ. ಅವಳ ಅಪ್ಪ ಸುಗ್ಗಿ ಮುಗಿದ ಹೊಲಗಳಲ್ಲಿ ಕುರಿ ನಿಲ್ಲಿಸುತ್ತಿದ್ದ. ಹಿಂಡು ಮೂರು ರಾತ್ರಿ ಅಲ್ಲೇ ಮಲಗಿ ಎದ್ದರೆ ಹೊಲಕ್ಕೆ ಎರಡು ವರ್ಷದ ಗೊಬ್ಬರ. ಈಗ ಅಪ್ಪನೂ ಇಲ್ಲ, ಕುರಿಯೂ ಇಲ್ಲ. ಅವಳ ಪಾಲಿಗಿರುವುದು ಗಂಡ ರಾಮಲಿಂಗಪ್ಪ, ಸೊಸೆ ಮಂಜುಳಾ, ಬಾವಿ ನೀರಿನ ಎರಡೆಕರೆ ಕಾಯಿಪಲ್ಲೆ ಮತ್ತು ಬೈಲಹೊಂಗಲದ ಇಪ್ಪತ್ತೆಂಟು ಮನೆಗಳು. ಆ ಮನೆಯವರು ಹಂಗಾಮಿನ ಮೊದಲೇ ದುಡ್ಡು ಕೊಟ್ಟು ಪಾಲುದಾರರಾಗುತ್ತಾರೆ. ಪ್ರತಿ ಶನಿವಾರ ಅವರ ಬಾಗಿಲಿಗೆ ಒಂದೊಂದು ಬುಟ್ಟಿ ಹೋಗುತ್ತದೆ. ಬೆಳೆ ಬಂದರೆ ತುಂಬಿದ ಬುಟ್ಟಿ, ಕೈಕೊಟ್ಟರೆ ಅರೆ ಬುಟ್ಟಿ.

ಹೋದ ಚಳಿಗಾಲ ಬುಟ್ಟಿಯೇನೋ ತುಂಬಿತ್ತು, ಅದರೊಳಗೆ ಹುಳುವೂ ತುಂಬಿತ್ತು. ಹೂಕೋಸು ಬಿಡಿಸಿದವರ ಕೈಮೇಲೆಯೇ ಹಸಿರು ಹುಳು ಹರಿದಾಡುತ್ತಿದ್ದವು. ಔಷಧ ಹೊಡೆಯುವುದಿಲ್ಲ ಎಂದು ಮಾತು ಕೊಟ್ಟಾಗಿತ್ತು. ಏನು ಮಾಡಲಿ ಎಂದು ಬೀರವ್ವ ತಲೆ ಕೆರೆದುಕೊಂಡು ಕೂತಾಗ, ಹಿತ್ತಲಿನ ಜವಾರಿ ಕೋಳಿಯೊಂದು ಮಣ್ಣು ಕೆದರಿ ಅಡಗಿದ ಹುಳು, ಕೋಶ ಹೆಕ್ಕುವುದು ಕಣ್ಣಿಗೆ ಬಿತ್ತು. ಕುರಿ ನಿಲ್ಲಿಸಬಹುದಾದರೆ ಕೋಳಿ ಯಾಕೆ ನಿಲ್ಲಿಸಬಾರದು?

ಗಂಡನ ಕೈಯಲ್ಲಿ ಬಿದಿರಿನ ಗೂಡು ಮಾಡಿಸಿದಳು. ಸುತ್ತಲೂ ಜಾಳಿಗೆ, ಕೆಳಗೆ ತಳವಿಲ್ಲ, ಎಳೆದೊಯ್ಯಲು ಹಳೆ ಸೈಕಲ್ಲಿನ ಎರಡು ಗಾಲಿ. ಕೊಯ್ಲು ಮುಗಿದ ಮಡಿಯ ಮೇಲೆ ಅದನ್ನಿಟ್ಟು ಮೂವತ್ತು ಕೋಳಿ ಬಿಟ್ಟಳು.

“ಕುರಿ ಕಾಯಾಕ ನಾಯಿ ಇರತಿದ್ದುವು. ಇವಕ್ಕ ನಾನ ಬೊಗಳಬೇಕೇನ?” ಎಂದ ರಾಮಲಿಂಗಪ್ಪ.

“ಹೆಂಗೂ ನಿಮ್ಮ ಬಾಯಿ ಸುಮ್ಮನ ಇರೂದಿಲ್ಲ, ಬೊಗಳ್ರಿ.”

ಕುರಿಯ ಲೆಕ್ಕದಲ್ಲೇ ಮೂರು ದಿನ ಒಂದೇ ಕಡೆ ನಿಲ್ಲಿಸಿ, ಮರುದಿನವೇ ಮೆಂತ್ಯ ಚೆಲ್ಲಿದಳು. ಅಲ್ಲೇ ಅವಳು ಎಡವಿದ್ದು. ಕೋಳಿ ಗೊಬ್ಬರದ ಕಾವು ಎಂಥದೆಂದು ಕುರುಬರ ಮಗಳಿಗೇನು ಗೊತ್ತು? ಮೊಳಕೆಯೆಲ್ಲ ಸುಟ್ಟು ಹಳದಿಯಾಯಿತು. ಆಡಿಕೊಳ್ಳುವವರ ಮುಂದೆ ಎಡವಿ ಬಿದ್ದಂತಾಯಿತು. ಊರು ಒಂದು ವಾರ ನಕ್ಕಿತು. ಬೀರವ್ವ ಮಾತ್ರ ಗೂಡು ಬಿಡಲಿಲ್ಲ. ದಿನಕ್ಕೊಮ್ಮೆ ಗೂಡು ಸರಿಸುವುದು, ಸರಿಸಿದ ಜಾಗಕ್ಕೆ ಒಂದು ತಿಂಗಳು ಕೈ ಹಚ್ಚದಿರುವುದು ಎಂದು ಹೊಸ ಲೆಕ್ಕ ಹಾಕಿಕೊಂಡಳು. ಈ ಚಳಿಗಾಲಕ್ಕೆ ಆ ಮಡಿಗಳಲ್ಲಿ ಎದ್ದ ಹೂಕೋಸು ನೋಡಿ ಅವಳಿಗೆ ಕುಣಿಯುವಷ್ಟು ಖುಷಿಯಾಯಿತು.

ಅದೇ ಖುಷಿಯಲ್ಲಿ ಮಂಜುಳಾ ಕೋಳಿಗಳ ಫೋಟೊ ತೆಗೆದು ಪಾಲುದಾರರ ವಾಟ್ಸಾಪ್ ಗುಂಪಿಗೆ ಹಾಕಿಬಿಟ್ಟಳು. ಬೆಂಕಿ ಹತ್ತಿದ್ದು ಆಗ. ಸಾಲಿಯಲ್ಲಿ ಮಕ್ಕಳಿಗೆ ಕಲಿಸಿ ನಿವೃತ್ತರಾದ ಸಾವಿತ್ರೆವ್ವ ಅಕ್ಕೋರು ಪಕ್ಕಾ ಲಿಂಗಾಯತರು. ಪಾಲುದಾರರಲ್ಲಿ ಅರ್ಧ ಮನೆಗಳನ್ನು ಕರೆತಂದವರೇ ಅವರು. “ತೊಳದ್ರ ಮಣ್ಣ ಹೋಗತದ, ಮನಸಿನ ಹೇಸಿಗಿ ಹೋಗತದೇನು? ಕೋಳಿ ಇರಬೇಕು, ಇಲ್ಲಾ ನಾವ ಇರಬೇಕು” ಎಂದು ಬರೆದರು. ಹದಿನಾಲ್ಕು ಮನೆಗಳು ಅವರ ಬೆನ್ನಿಗೆ ನಿಂತವು.

“ಕೋಳಿ ಮಾರಿಬಿಡೂಣು ಅತ್ತಿ,” ಎಂದು ಮಂಜುಳಾ ಅಳುಮೋರೆ ಮಾಡಿದಳು. ಮಾರಿದರೆ ಮತ್ತೆ ಹುಳು. ಹುಳು ಬಿದ್ದರೆ ಹೇಗೂ ಮನೆಗಳು ಬಿಡುತ್ತವೆ. ಮನೆಗಳು ಬಿಟ್ಟರೆ ಈ ತೋಟ ನಿಲ್ಲುವುದಿಲ್ಲ. ಒಂದು ಕೈ ನೋಡಿಯೇಬಿಡೋಣವೆಂದು ಬೀರವ್ವ ಎಲ್ಲರನ್ನೂ ಭಾನುವಾರ ಮುಂಜಾನೆ ತೋಟಕ್ಕೇ ಕರೆದಳು.

ಬಂದರು. ಅಕ್ಕೋರು ಸೆರಗನ್ನು ಮೂಗಿಗೆ ಹಿಡಿದೇ ಗೂಡಿನ ಮುಂದೆ ನಿಂತರು.

“ಇವನ್ನ ಕೊಯ್ಯಾಕ ಕೊಡತೀಯಿಲ್ಲೋ?”

“ಹುಂಜ ಮಾರತೇನ್ರಿ ಅಕ್ಕೋರ, ಸುಳ್ಳ ಯಾಕ ಹೇಳ್ಲಿ? ಆದ್ರ ದೊಡವಾಡದಾಗ ನಿಮ್ಮ ತವರಮನಿ ಹೊಲದಾಗ ನಮ್ಮಪ್ಪ ಕುರಿ ನಿಲ್ಲಸ್ತಿದ್ದ. ಆ ಹೊಲದ ಜ್ವಾಳ ಉಂಡ ಬೆಳದೀರಿ. ಆ ಕುರಿ ಕಡೀಕ ಎಲ್ಲಿ ಹೋದವು ಅಂತ ಯಾರರೆ ಕೇಳಿದ್ರೇನು?”

ಅಕ್ಕೋರು ಮೂಗಿನ ಮೇಲಿನ ಸೆರಗು ಇಳಿಸಿದರು. ಬೀರವ್ವ ಕುಡಗೋಲು ಅವರ ಕೈಗೇ ಕೊಟ್ಟಳು. “ನೀವ ಆರಸ್ರಿ, ನೀವ ಕೊಯ್ರಿ, ನೀವ ಬಿಡಿಸಿ ನೋಡ್ರಿ.”

ಒಂದು ಹೂಕೋಸು ಬಿಡಿಸಿದರು, ಹುಳುವಿಲ್ಲ. ಎರಡು, ಮೂರು, ನಾಲ್ಕು. ಎಲ್ಲವೂ ಹಾಲಿನಂತೆ ಬಿಳುಪು. ಐದನೆಯದರಲ್ಲಿ ಮಾತ್ರ ಬೆರಳುದ್ದದ ಹಸಿರು ಹುಳು! ಅಕ್ಕೋರು ಚೀರಿ ಕೈ ಜಾಡಿಸಿದರು. ಹುಳು ಗೂಡಿನ ಪಕ್ಕಕ್ಕೆ ಬಿತ್ತು. ಕೆಂಪು ಹೇಟೆಯೊಂದು ಜಾಳಿಗೆಯಿಂದ ಕತ್ತು ಹೊರಗೆ ಚಾಚಿ ಅದನ್ನು ಗುಳುಂ ಎನಿಸಿಬಿಟ್ಟಿತು.

ಅಕ್ಕೋರು ಅದನ್ನೇ ನೋಡುತ್ತ ನಿಂತರು. ಆಮೇಲೆ ನಗು ಶುರುವಾಯಿತು, ಚಷ್ಮಾ ಜಾರುವಷ್ಟು ನಗು. “ಹೋದ ವರ್ಷ ಐದಕ್ಕ ಐದೂ ಹುಳಕ ಇದ್ದುವು! ಎಷ್ಟ ಹುಳಾ ಕುದಿಸಿ ತಿಂದೇನೋ ಶಿವನ ಬಲ್ಲ. ಮ್ಯಾಲ ಶಾಕಾಹಾರಿ ಅಂತ ಎದಿ ಉಬ್ಬಿಸಿ ತಿರಗತಿದ್ದೆ!”

ಅವರು ನಕ್ಕ ಮೇಲೆ ಉಳಿದವರು ಬಿಗಿದುಕೊಂಡು ನಿಲ್ಲುವುದು ಹೇಗೆ? ಒಂದು ಮನೆಯೂ ಬಿಡಲಿಲ್ಲ. ಬೀರವ್ವನ ಕಣ್ಣು ತುಂಬಿ ಬಂತು. ಒರೆಸಿಕೊಳ್ಳುವ ಗೋಜಿಗೂ ಹೋಗಲಿಲ್ಲ.

ಹೊರಡುವಾಗ ಅಕ್ಕೋರು ಅವಳನ್ನು ಪಕ್ಕಕ್ಕೆ ಕರೆದು ದನಿ ತಗ್ಗಿಸಿದರು. “ನಮ್ಮ ಹಿತ್ತಲದಾಗ ಬದನಿ ಗಿಡಕ್ಕೆಲ್ಲಾ ಹುಳಾ ಬಿದ್ದಾವ ಬೀರವ್ವಾ. ಗಿಡಾ ಕಿತ್ತ ಮ್ಯಾಲ ಎರಡ ದಿನಾ ಕೋಳಿ ನಿಲ್ಲಸ್ತೀಯೇನು?”

“ನಿಲ್ಲಸ್ತೇನ್ರಿ. ಆದ್ರ ಪಾಳಿ ಹಚ್ಚಬೇಕರಿ ಅಕ್ಕೋರ, ಇಲ್ಲಿ ಇನ್ನಾ ಹನ್ನೊಂದ ಮಡಿ ಅದಾವು.”

ಅಕ್ಕೋರು ಮಂಜುಳಾಳ ಕಡೆ ತಿರುಗಿ, “ಬರಕೊಳ್ಳವಾ, ಹನ್ನೆರಡನೇ ಪಾಳಿ ನಂದು,” ಎಂದರು.