ಉಸಿರಾಡುವ ಗೆರೆ

ಟರ್ಕಿಯ ಎಸ್ಕಿಶೆಹಿರ್ ಊರಿನ ಕೈಗಾರಿಕಾ ವಸಾಹತಿನಲ್ಲಿ ರುಚಾನ್‌ಗೆ ಸಂಬಳ ಬರುವುದು ಏನೂ ಆಗದಂತೆ ನೋಡಿಕೊಳ್ಳುವುದಕ್ಕೆ. ಲೋಹದ ಪುಡಿಯನ್ನು ಲೇಸರ್‌ನಿಂದ ಪದರ ಪದರವಾಗಿ ಕರಗಿಸಿ ಎಂಜಿನ್ ಭಾಗಗಳನ್ನು ಕಟ್ಟುವ ಕಾರ್ಖಾನೆ ಅದು. ಭಾಗ ಬಿರಿಯಬಾರದು, ಅವಳ ಉದ್ಯೋಗ ಅಷ್ಟೇ. ಬಿರಿಯದ ದಿನ ಅವಳು ಏನು ಮಾಡಿದಳೆಂದು ಯಾರಿಗೂ ಕಾಣುವುದಿಲ್ಲ. ಬಿರಿದ ದಿನ ಅವಳ ಹೆಸರು ಎಲ್ಲರಿಗೂ ನೆನಪಾಗುತ್ತದೆ.

‘ತಾಳಿ’ ಎನ್ನುವುದೇ ಅವಳ ವಿದ್ಯೆ. ತಾಳಿ, ಭಾಗ ಕಟ್ಟುವ ಅಡಿತಟ್ಟೆ ಬಿಸಿಯಾಗಲಿ. ತಾಳಿ, ಯಂತ್ರದ ಬಾಗಿಲು ತೆಗೆಯಬೇಡಿ. ತಾಳಿ, ಭಾಗವನ್ನು ತಟ್ಟೆಯ ಸಮೇತ ಕುಲುಮೆಗಿಟ್ಟು ಒಳಗಿನ ಬಿಗುವು ಇಳಿಸಿ, ಆಮೇಲೆ ತಟ್ಟೆಯಿಂದ ಕತ್ತರಿಸಿ. ಚಹಾವನ್ನೂ ಅವಳು ಆರಿಸಿಯೇ ಕುಡಿಯುವುದು. ನಿಶ್ಚಿತಾರ್ಥವಾಗಿ ವರ್ಷಗಳಾದರೂ ಮೇಷ್ಟ್ರು ನೆಜ್ದೆತ್ ಇನ್ನೂ ಮದುವೆಯ ದಿನ ಕೇಳುತ್ತಲೇ ಇದ್ದಾನೆ.

ಮಾಲೀಕ ಬೆದ್ರಿ ಬೇಯದು, ಅಂದರೆ ಬೆದ್ರಿ ಸಾಹೇಬನದು, ಬೇರೆ ಧರ್ಮ: ಅತಿಥಿ ಬಂದರೆ ಏನಾದರೂ ತೋರಿಸಬೇಕು. ಹೋದ ತಿಂಗಳು ಭಾವಮೈದುನನಿಗೆ ತೋರಿಸಲೆಂದು ಬಿಸಿ ಯಂತ್ರದ ಬಾಗಿಲು ತೆಗೆದ. ತಣ್ಣನೆ ಗಾಳಿ ನುಗ್ಗಿ ಒಳಗೆ ಗಿರಾಕಿಯ ಎಂಜಿನ್‌ಗೆಂದು ಕಟ್ಟಿದ್ದ ನಿಕಲ್ ಬಳೆ ಟಕ್ಕೆಂದು ಬಿರಿಯಿತು. ಭಾವಮೈದುನನ ಕಣ್ಣು ಕೆಟ್ಟದ್ದೆಂದು ತೀರ್ಮಾನವಾಗಿ, ಯಂತ್ರಕ್ಕೆ ದೃಷ್ಟಿ ತಾಗದಂತೆ ಕಾಯುವ ನೀಲಿ ಮಣಿ ಬಂತು. ಗಿರಾಕಿ ಇನ್ನೊಂದೇ ಅವಕಾಶ ಕೊಟ್ಟ. ಎರಡನೆಯ ಬಳೆಯೂ ಬಿರಿದರೆ ಕೆಲಸ ಪಕ್ಕದವರಿಗೆ.

ಎರಡನೆಯದು ಯಂತ್ರದಿಂದ ಹೊರಬಂದ ಬೆಳಿಗ್ಗೆಯೇ ಬೆದ್ರಿ ಬೇ ಓಡಿ ಬಂದ.

“ಮಧ್ಯಾಹ್ನ ವರ್ತಕರ ಸಂಘದ ಹಿಲ್ಮಿ ಬೇ ಬರ್ತಾರೆ. ರಿಬ್ಬನ್ ಕತ್ತರಿಸಿ ಸಾಕಾಗಿದೆಯಂತೆ. ಬಳೆನೇ ಕತ್ತರಿಸಲಿ!”

“ಕುಲುಮೆಗೆ ಹೋಗದೆ ಕತ್ತರಿಸಿದ್ರೆ ಬಿರಿಯುತ್ತೆ ಬೇ. ನಾಳೆವರೆಗೆ ತಾಳಿ.”

“ನೀನು ಹುಟ್ಟೋವಾಗ್ಲೂ ನಿಮ್ಮಮ್ಮಂಗೆ ‘ತಾಳು’ ಅಂದಿರ್ತೀಯ ಕಣಮ್ಮ! ಗರಗಸದ ಮೇಲಿಡು.”

ರುಚಾನ್ ಇಟ್ಟಳು. ಹೋದ ತಿಂಗಳಿನ ಬಳೆಯನ್ನು, ತಟ್ಟೆಯ ಸಮೇತ, ಬಿರುಕು ಗೋಡೆಯ ಕಡೆಗಿರುವಂತೆ. ಹೊಸದು ಸದ್ದಿಲ್ಲದೆ ಕುಲುಮೆ ಸೇರಿತು.

ಎಣ್ಣೆಯಲ್ಲಿ ಕರಿದ ಖೀಮಾ ಕಡುಬು ಚಿಬೊರೆಕ್ ತಿಂದ ಕೈ ಒರೆಸಿಕೊಂಡು ಹಿಲ್ಮಿ ಬೇ ಗುಂಡಿ ಒತ್ತಿದರು. ಗರಗಸ ಕಿರುಚಿತು, ಚಪ್ಪಾಳೆ ಬಿತ್ತು, ಫೋಟೊ ಆಯಿತು.

“ಮಾಷಲ್ಲಾ, ಎಷ್ಟು ಚೆನ್ನಾಗಿದೆ!”

“ಹಾಗಾದ್ರೆ ಅದು ನಿಮ್ದೇ ಅಣ್ಣ,” ಎಂದ ಬೆದ್ರಿ ಬೇ. ಅತಿಥಿ ಹೊಗಳಿದ ವಸ್ತುವನ್ನು ಮನೆಯಲ್ಲಿಟ್ಟುಕೊಳ್ಳುವಷ್ಟು ನೀಚನಲ್ಲ ಅವನು, ಗಿರಾಕಿಯ ವಸ್ತುವಾದರೂ ಸರಿ.

ಹಿಲ್ಮಿ ಬೇ ಬಳೆ ತಿರುಗಿಸಿ ನೋಡಿದರು. “ಇದೇನಪ್ಪಾ ಗೆರೆ?”

ಬೆದ್ರಿ ಬೇಯ ಮುಖದ ರಕ್ತ ಇಳಿಯಿತು. ನಾಲಿಗೆ ಮಾತ್ರ ಕೈಕೊಡಲಿಲ್ಲ. “ಅದಾ? ಉಸಿರಾಟದ ಗೆರೆ. ಲೋಹಾನೂ ಉಸಿರಾಡ್ಬೇಕಲ್ವಾ?”

“ಅದಕ್ಕೇ ಈ ಬೆಲೆ!” ಎಂದು ಹಿಲ್ಮಿ ಬೇ ತಲೆದೂಗಿದರು.

ಕಾರು ಹೊರಟ ಮೇಲೆ ಬೆದ್ರಿ ಬೇ ಕುರ್ಚಿಗೆ ಕುಸಿದ. “ಮುಳುಗಿದ್ವಿ.”

“ಗಿರಾಕಿಯ ಬಳೆ ಕುಲುಮೇಲಿದೆ,” ಎಂದಳು ರುಚಾನ್. “ತಾಳಿ.”

ಮಾರನೆಯ ದಿನ ಕುಲುಮೆ ತಣಿಯಿತು, ಗರಗಸ ಬಳೆಯನ್ನು ತಟ್ಟೆಯಿಂದ ಬಿಡಿಸಿತು. ಅವಳು ಬಣ್ಣದ ದ್ರವ ಹಚ್ಚಿ ಪರೀಕ್ಷಿಸಿದಳು. ಒಂದು ಕೂದಲೆಳೆಯಷ್ಟೂ ಬಿರುಕಿಲ್ಲ. ಬೆದ್ರಿ ಬೇ ನೀಲಿ ಮಣಿಯನ್ನು ಪ್ರೀತಿಯಿಂದ ಸವರಿದ. ಆಮೇಲೆ ಅವಳತ್ತ ತಿರುಗಿದ.

“ಹಿಲ್ಮಿ ಬೇ ಬಳೇನ ಸಂಘದಲ್ಲೆಲ್ಲ ತೋರಿಸ್ಬಿಟ್ಟಿದ್ದಾರೆ. ಈಗ ಎಲ್ಲರಿಗೂ ಬೇಕಂತೆ, ಉಸಿರಾಟದ ಗೆರೆ ಇರೋದೇ. ಅದಕ್ಕೆಷ್ಟು ದಿನ ತಾಳ್ಬೇಕು?”

ರುಚಾನ್ ಆರಿದ ಚಹಾ ಕೆಳಗಿಟ್ಟಳು.

“ಅದಕ್ಕೆ ತಾಳೋದೇ ಬೇಡ ಬೇ. ನೀವು ಹೇಳಿದಂಗೆ ಮಾಡಿದ್ರೆ ಆಯ್ತು.”